ವಯಸ್ಸು ಗೊತ್ತಿಲ್ಲದ ಅಜ್ಜಿ

ಸೋಬಾನೆ ಹಾಡುವವರ ಧ್ವನಿಮುದ್ರಣಗಳನ್ನು ಜೋಡಿಸಿಡಲೆಂದು ಪೈಥಾನ್ ಕಲಿಯತೊಡಗಿದೆ. ಮೊದಲು ಬರೆದದ್ದು ‘ಹಾಡುಗಾರ್ತಿ’ ಎಂಬ ಕ್ಲಾಸ್: ಹೆಸರು, ಊರು, ವಯಸ್ಸು. ಮೂರನ್ನೂ ಕೊಟ್ಟರೆ ಒಂದು ಆಬ್ಜೆಕ್ಟ್ ಹುಟ್ಟುತ್ತದೆ. ನನ್ನ ಪಟ್ಟಿಯ ಮೊದಲ ಅಜ್ಜಿಗೆ ವಯಸ್ಸು ಗೊತ್ತಿಲ್ಲ. “ದೊಡ್ಡ ಬರ ಬಂದಾಗ ಮೊಲೆಕೂಸಂತೆ ಕಣವ್ವ ನಾನು” ಎಂದಿದ್ದರು. ವಯಸ್ಸು ಬಿಟ್ಟು ಓಡಿಸಿದೆ, ಟೈಪ್ ಎರರ್. ರಾತ್ರಿಯಿಡೀ ಹಾಡಬಲ್ಲವರು ಹುಟ್ಟಲೇ ಇಲ್ಲ.

ಹಸುಗಳೆಲ್ಲದರಲ್ಲೂ ಇರುವ ಗೋತ್ವವನ್ನು ನ್ಯಾಯ-ವೈಶೇಷಿಕರು ‘ಜಾತಿ’ ಎಂದರು, ಅದು ನಿತ್ಯ ಎಂದರು. (ಆ ಪದ ನಮ್ಮಲ್ಲಿ ಏನಾಯಿತೆಂದು ಬಿಡಿಸಿ ಹೇಳಬೇಕಿಲ್ಲ.) 1960ರ ದಶಕದಲ್ಲಿ ಓಸ್ಲೋದ ಡಾಲ್ ಮತ್ತು ನ್ಯುಗಾರ್ಡ್ ಸಿಮುಲಾ ಭಾಷೆಯಲ್ಲಿ ತಂದ ಕ್ಲಾಸ್ ಹಾಗಲ್ಲ, ಅದನ್ನು ಯಾರಾದರೂ ಕೂತು ಬರೆಯಬೇಕು. ಇಲ್ಲಿ ಬರೆದವಳು ನಾನೇ. ವಯಸ್ಸು ಕಡ್ಡಾಯವೆಂದು ಯಾರೂ ಹೇಳಿರಲಿಲ್ಲ. ಎಲ್ಲ ಅರ್ಜಿಗಳಲ್ಲೂ ಇರುತ್ತದಲ್ಲ, ಹಾಗಾಗಿ ಹಾಕಿದ್ದೆ.

ಅಂದಾಜಿಗೆ 75 ಎಂದು ತುಂಬಿದ್ದರೆ ಎರರ್ ಹೋಗುತ್ತಿತ್ತು. ಆಮೇಲೆ ನನ್ನ ಮಹಾಪ್ರಬಂಧದಲ್ಲಿ ಅದೇ ನಿಜವಾಗುತ್ತಿತ್ತು. ಬೆರಳು ಕೀಲಿಯ ಮೇಲೇ ಇತ್ತು, ಸುಳ್ಳೇಕೆ. ಕೊನೆಗೆ ವಯಸ್ಸನ್ನು ಐಚ್ಛಿಕ ಮಾಡಿ, ‘ಅವರ ಮಾತಲ್ಲಿ’ ಎಂಬ ಇನ್ನೊಂದು ಗುಣ ಸೇರಿಸಿದೆ. ಬರದ ಮಾತು ಅಲ್ಲಿ ಕೂತಿತು.

ಉಳಿದವರೆಲ್ಲರ ಆಬ್ಜೆಕ್ಟುಗಳಲ್ಲಿ ಆ ಜಾಗ ಖಾಲಿ. ಅವರು ವಯಸ್ಸು ಹೇಳಿದೊಡನೆ ನಾನು ಮುಂದಿನ ಪ್ರಶ್ನೆಗೆ ಹೋಗಿಬಿಟ್ಟಿದ್ದೆ.