ಯಾವ ಭಾಗ ಹಳೆಯದು?

ಮನೆಯೊಳಗಿನ ಒಂದು ವಸ್ತುವನ್ನು 'ಹಳತಾಯಿತು' ಎಂದು ತೀರ್ಮಾನಿಸುವ ಅಧಿಕಾರ ಯಾರದು? ಮೇಲ್ನೋಟಕ್ಕೆ ಇದು ಪ್ರಶ್ನೆಯೇ ಅಲ್ಲವೆನಿಸಬಹುದು. ಕೊಡೆ ತೂತಾದರೆ ಹಳತು, ಚಪ್ಪಲಿಯ ಉಂಗುಟ ಕಿತ್ತರೆ ಹಳತು. ಆದರೆ ತೂತೂ ಬೀಳದೆ, ಕಿತ್ತೂ ಹೋಗದೆ, ನಿನ್ನೆ ಮಾಡಿದ ಕೆಲಸವನ್ನು ಇಂದೂ ಅಷ್ಟೇ ಚೆನ್ನಾಗಿ ಮಾಡುತ್ತಿರುವ ವಸ್ತು ಹಳತಾಗುವುದು ಹೇಗೆ? ಇಂದಿನ ಮಧ್ಯಮ ವರ್ಗದ ಮನೆಗಳಲ್ಲಿ ಈ ಪ್ರಶ್ನೆಯನ್ನು ಎಲ್ಲಕ್ಕಿಂತ ಹರಿತವಾಗಿ ಎತ್ತುವುದು, ಮಕ್ಕಳು ಆಟವಾಡುವ ಕಂಪ್ಯೂಟರ್. ಸಾಹಿತ್ಯದ ವಾರ್ಷಿಕದಲ್ಲಿ ಇದೇನು ವಿಷಯ ಎಂದು ಕೆಲವರು ಹುಬ್ಬೇರಿಸಬಹುದು. ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಅಂಥವರಲ್ಲಿ ವಿನಂತಿ.

ನಾನಿರುವುದು ಹಿಂದೂಪುರದ ಪಕ್ಕದ ಪರಿಗಿಯಲ್ಲಿ. ತುಮಕೂರು ಸೀಮೆಯ ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿ ಪೆನ್ನಾರನ್ನು ಕೂಡುವ ಕಡೆ ಇದು. 1956ರಲ್ಲಿ ಕಾಸರಗೋಡಿನ ಬಂಧುಗಳು ಕೇರಳಕ್ಕೆ ಸೇರಿದ ಹಾಗೆ, ಅದಕ್ಕೂ ಮೂರು ವರ್ಷ ಮೊದಲು, 1953ರಲ್ಲಿ, ನಾವು ಆಂಧ್ರಕ್ಕೆ ಸೇರಿದೆವು. ನಿಮ್ಮ ಮಕ್ಕಳು ಮಲಯಾಳದ ನಡುವೆ ಬೆಳೆಯುವಂತೆ ನಮ್ಮ ಮಕ್ಕಳು ತೆಲುಗಿನ ನಡುವೆ ಬೆಳೆಯುತ್ತಾರೆ. ಆದ್ದರಿಂದ ನಮ್ಮ ಮನೆಯ ಮಾತು ನಿಮಗೆ ತೀರ ಹೊರಗಿನದಾಗಲಾರದು.

ಕಂಪ್ಯೂಟರ್ ಎಂಬುದು ಒಂದು ವಸ್ತುವಲ್ಲ, ಹಲವು ವಸ್ತುಗಳ ಕೂಟ. ಲೆಕ್ಕ ಮಾಡುವ ಪ್ರೊಸೆಸರ್ ಒಂದು. ಆ ಕ್ಷಣದ ಕೆಲಸವನ್ನು ಹರವಿಕೊಳ್ಳುವ ಮೇಜಿನಂತಿರುವ ರ‍್ಯಾಮ್ ಇನ್ನೊಂದು. ಕಡತಗಳನ್ನು ಕಾದಿಡುವ ಡಿಸ್ಕ್, ಪರದೆಯ ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡ್, ಎಲ್ಲಕ್ಕೂ ವಿದ್ಯುತ್ ಹಂಚುವ ಎಸ್‌ಎಂಪಿಎಸ್, ಇವೆಲ್ಲವನ್ನೂ ಬೆಸೆಯುವ ಮದರ್‌ಬೋರ್ಡ್. ನಮ್ಮ ಹಿರಿಯರ ಎತ್ತಿನ ಗಾಡಿಯೂ ಹೀಗೆಯೇ ಇತ್ತು. ಒಂದು ವರ್ಷ ಗಾಲಿ ಬದಲಾಗುತ್ತಿತ್ತು, ಇನ್ನೊಂದು ವರ್ಷ ಅಚ್ಚು, ಮತ್ತೊಂದು ವರ್ಷ ನೊಗ. ಹದಿನೈದು ವರ್ಷದ ಮೇಲೆ ಮೊದಲಿನ ಮರ ಒಂದು ತುಂಡೂ ಉಳಿದಿರದಿದ್ದರೂ ಅದು ಅಜ್ಜನ ಗಾಡಿಯೇ. ಬೌದ್ಧರ 'ಮಿಲಿಂದ ಪಞ್ಹ'ದಲ್ಲಿ ನಾಗಸೇನನು ಮಿಲಿಂದ ರಾಜನನ್ನು ಇದೇ ಬಗೆಯಲ್ಲಿ ಪ್ರಶ್ನಿಸುತ್ತಾನೆ: ಗಾಲಿ ರಥವೇ? ಅಚ್ಚು ರಥವೇ? ಎಲ್ಲ ಕೂಡಿದ್ದಕ್ಕೆ ನಾವಿಟ್ಟ ಹೆಸರಷ್ಟೆ ರಥ ಎಂಬುದು ಅಲ್ಲಿಯ ತೀರ್ಮಾನ.

ತತ್ತ್ವಜ್ಞಾನಿಗಳಿಗೆ ಇಷ್ಟು ಸಾಕು. ಸಂಬಳದಲ್ಲಿ ಮನೆ ನಡೆಸುವವನಿಗೆ ಇದರ ಮುಂದಿನ ಪ್ರಶ್ನೆ ಮುಖ್ಯ. ಯಾವ ಗಾಲಿಯನ್ನು ಯಾವಾಗ ಬದಲಾಯಿಸಬೇಕು, ಹಾಗೆಂದು ಹೇಳುವವರು ಯಾರು? ನನಗೆ ತೋರುವಂತೆ ಇಲ್ಲಿ ಮೂವರು ತೀರ್ಪುಗಾರರಿದ್ದಾರೆ: ವಸ್ತುವನ್ನು ತಯಾರಿಸಿದವನು, ನೆರೆಮನೆಯವನು ಮತ್ತು ಸ್ವತಃ ಆ ವಸ್ತು.

ಮೊದಲು ತಯಾರಿಸಿದವನ ತೀರ್ಪನ್ನು ನೋಡೋಣ. 2017ರ ಅಕ್ಟೋಬರಿನಲ್ಲಿ ಇಂಟೆಲ್ ಕಂಪನಿ ಎಂಟನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳನ್ನು ತಂದಿತು. ಅವು ಕೂರುವ ಜಾಗದ ಅಳತೆ ಹಿಂದಿನದೇ, ಸಂಪರ್ಕಬಿಂದುಗಳ ಸಂಖ್ಯೆಯೂ ಹಿಂದಿನಂತೆ 1151. ಆದರೂ ಹಳೆಯ ಬೋರ್ಡಿನಲ್ಲಿ ಅವಕ್ಕೆ ಮಾನ್ಯತೆ ಇರಲಿಲ್ಲ. ವಿದ್ಯುತ್ ಪೂರೈಕೆಯ ವಿನ್ಯಾಸ ಬದಲಾಗಿದೆ ಎಂಬುದು ಕಂಪನಿ ಕೊಟ್ಟ ಕಾರಣ. ಅದೇ ವರ್ಷ ಎಎಂಡಿ ಕಂಪನಿ ರೈಜೆನ್ ಪ್ರೊಸೆಸರುಗಳನ್ನು ಎಎಂ4 ಎಂಬ ಸಾಕೆಟ್ಟಿನಲ್ಲಿ ಕೂರಿಸಿ ಹೊರತಂದಿತ್ತು. ಆ ಮೊದಲ ಬೋರ್ಡುಗಳಿಗೆ 5000 ಸರಣಿಯ ಹೊಸ ಪ್ರೊಸೆಸರ್ ಹೊಂದದೆಂದು ಮೊದಲು ಹೇಳಲಾಗಿತ್ತು. 2022ರಲ್ಲಿ ಕಂಪನಿ ಅದಕ್ಕೂ ಅವಕಾಶ ಕೊಟ್ಟಿತು. ಬೇಕಾದದ್ದು ಬೋರ್ಡಿನೊಳಗಿನ ಬಯಾಸ್ ತಂತ್ರಾಂಶದ ಪರಿಷ್ಕರಣೆ ಮಾತ್ರ. ತಾಮ್ರ, ಪ್ಲಾಸ್ಟಿಕ್ ಯಾವುದೂ ಬದಲಾಗಲಿಲ್ಲ. ನಿನ್ನೆ ಹಳತೆನಿಸಿದ್ದ ಬೋರ್ಡು ಇಂದು ಹೊಸದರೊಡನೆ ಹೊಂದಿಕೊಂಡಿತು. ಹಾಗಾದರೆ ಹಳತನ ಇದ್ದದ್ದು ವಸ್ತುವಿನಲ್ಲೋ, ಅಪ್ಪಣೆಯಲ್ಲೋ?

ಎರಡನೆಯ ತೀರ್ಪುಗಾರ ನೆರೆಯವನು. ಹಿಂದೂಪುರ ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ಹುಳು ಸಾಕುವವರಿಗೆ ಒಂದು ಸಂಗತಿ ಗೊತ್ತು. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ರೈತರು ಅದನ್ನು ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕುವುದಿಲ್ಲ, ಅದನ್ನು ಕದಲಿಸುವುದೂ ಇಲ್ಲ. ಹುಳು ಪೊರೆ ಬಿಡುವುದು ತನ್ನ ಚರ್ಮ ತನಗೆ ಬಿಗಿಯಾದಾಗ. ಪಕ್ಕದ ತಟ್ಟೆಯ ಹುಳು ಪೊರೆ ಬಿಟ್ಟಿತೆಂದು ಯಾವ ಹುಳುವೂ ಪೊರೆ ಬಿಟ್ಟದ್ದಿಲ್ಲ. ಮನುಷ್ಯರ ಮನೆಗಳಲ್ಲಿ ಮಾತ್ರ ಬಿಗಿತ ಮೊದಲು ಕಾಣಿಸಿಕೊಳ್ಳುವುದು ಪಕ್ಕದ ಮನೆಯನ್ನು ಕಂಡು ಬಂದ ಮೇಲೆ. ಗೆಳೆಯನ ಯಂತ್ರದಲ್ಲಿ ಆಟ ಸೆಕೆಂಡಿಗೆ 120 ಚಿತ್ರಗಳಂತೆ ಓಡುತ್ತದೆಯಂತೆ ಎಂದು ಮಗ ಬಂದು ಹೇಳುತ್ತಾನೆ. ನಮ್ಮ ಪರದೆ 60 ಹರ್ಟ್ಸಿನದು, ಅಂದರೆ ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸಬಲ್ಲದು. ಒಳಗಿನ ಕಾರ್ಡು 120 ಚಿತ್ರ ಬರೆದರೂ ಕಣ್ಣಿಗೆ ಮುಟ್ಟುವುದು ಅಷ್ಟೇ. ಒಂದು ಸೇರಿನ ಪಾತ್ರೆಯಲ್ಲಿ ಎರಡು ಸೇರು ಅಳೆಯಲಾಗದು.

ಮೂರನೆಯ ತೀರ್ಪುಗಾರ ವಸ್ತುವೇ. ಅದಕ್ಕೆ ಬಾಯಿಲ್ಲ, ಸಾಕ್ಷ್ಯವಿದೆ. ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ಇದು ಹೊಸ ಮಾತಲ್ಲ. ದಿನದ ಕೊನೆಗೆ ಲೆಕ್ಕ ತಾಳೆಯಾಗದಿದ್ದರೆ ಇಡೀ ಪುಸ್ತಕವನ್ನು ಹೊಸದಾಗಿ ಬರೆಯುವವರಿಲ್ಲ. ವ್ಯತ್ಯಾಸ ಎಷ್ಟೆಂದು ಮೊದಲು ನೋಡುತ್ತಾರೆ. ಅದು ಒಂಬತ್ತರಿಂದ ಭಾಗವಾಗುವುದಾದರೆ ಎಲ್ಲೋ ಎರಡು ಅಂಕಿ ಹಿಂದುಮುಂದಾಗಿರಬಹುದು ಎಂದು ಹಳಬರು ಹುಡುಕುತ್ತಿದ್ದರು. 54 ಇರಬೇಕಾದಲ್ಲಿ 45 ಬರೆದಿರುವಂತೆ. ದೋಷವಿರುವುದು ಒಂದು ನಮೂದಿನಲ್ಲಿ. ಅದನ್ನು ಕಾಣದೆ ಪುಟ ಹರಿಯುವುದು ಕೆಲಸವಲ್ಲ, ಸಿಟ್ಟು.

ನಮ್ಮ ಮನೆಯ ಯಂತ್ರ 2017ರದು. ನಾಲ್ಕು ಕೋರಿನ ಪ್ರೊಸೆಸರ್, 8 ಜಿಬಿ ರ‍್ಯಾಮ್, ಒಂದು ಟಿಬಿ ಹಾರ್ಡ್ ಡಿಸ್ಕ್, 4 ಜಿಬಿಯ ಗ್ರಾಫಿಕ್ಸ್ ಕಾರ್ಡ್. ಆಟ ನಡುನಡುವೆ ತಡವರಿಸಿ ನಿಲ್ಲುತ್ತಿತ್ತು. ಮಗ ಹೇಳಿದ್ದು, "ಅಪ್ಪಾ, ಕಾರ್ಡ್ ಒಂದು ಬದಲಾಯಿಸಿದ್ರೆ ಸಾಕು." ಸರಿ, ಆಟ ನಡೆಯುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಇಬ್ಬರೂ ಅರ್ಧ ಗಂಟೆ ನೋಡಿದೆವು. ಕಾರ್ಡಿನ ಮೇಲಿನ ಹೊರೆ ಸದಾ ನೂರರ ಅಂಚಿನಲ್ಲಿದ್ದರೆ ಕೊರತೆ ಕಾರ್ಡಿನದು. ಪ್ರೊಸೆಸರ್ ಏದುಸಿರು ಬಿಡುತ್ತ ಕಾರ್ಡು ಕೈಕಟ್ಟಿ ಕೂತಿದ್ದರೆ ಕೊರತೆ ಪ್ರೊಸೆಸರಿನದು. ನಮ್ಮಲ್ಲಿ ಎರಡೂ ಅಲ್ಲ. ರ‍್ಯಾಮ್ ತುಂಬಿ ತುಳುಕುತ್ತಿತ್ತು. ತುಳುಕಿದ್ದನ್ನು ನಿಧಾನಗತಿಯ ಹಾರ್ಡ್ ಡಿಸ್ಕಿನಲ್ಲಿ ಇಟ್ಟು ತೆಗೆಯುವಾಗ ಆಟ ನಿಲ್ಲುತ್ತಿತ್ತು. ಮೇಜು ಚಿಕ್ಕದಾಗಿ ಕಡತಕ್ಕೆಂದು ಗಳಿಗೆಗೊಮ್ಮೆ ಗೋದಾಮಿಗೆ ಓಡುವ ಗುಮಾಸ್ತನ ಅವಸ್ಥೆ. ಬೇಕಾದದ್ದು ಇನ್ನೊಂದು 8 ಜಿಬಿಯ ರ‍್ಯಾಮ್ ಮತ್ತು ಒಂದು ಎಸ್‌ಎಸ್‌ಡಿ. ಇವೆರಡರ ಬೆಲೆ ಹೊಸ ಕಾರ್ಡಿನ ಬೆಲೆಗಿಂತ ಎಷ್ಟೋ ಕಡಿಮೆ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಜಗತ್ತಿನೆಲ್ಲೆಡೆ ಏರುವ ಮೊದಲೇ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅವನ್ನು ಕೊಂಡೆವು.

ಕಾರ್ಡಿನಿಂದ ಆರಂಭಿಸಿದ್ದರೆ ಏನಾಗುತ್ತಿತ್ತು? ಕೌಪೀನದ ಸಂನ್ಯಾಸಿಯ ಕಥೆ ಎಲ್ಲರಿಗೂ ಗೊತ್ತು. ಕೌಪೀನವನ್ನು ಇಲಿ ಕಡಿಯಿತೆಂದು ಬೆಕ್ಕು, ಬೆಕ್ಕಿಗೆ ಹಾಲೆಂದು ಹಸು, ಹಸುವಿಗೆ ಮೇವೆಂದು ಹೊಲ, ಹೊಲ ನೋಡಿಕೊಳ್ಳಲು ಹೆಂಡತಿ. ದೊಡ್ಡ ಕಾರ್ಡಿಗೆ ದೊಡ್ಡ ಎಸ್‌ಎಂಪಿಎಸ್ ಬೇಕು. ಕಾರ್ಡಿನ ವೇಗಕ್ಕೆ ಸರಿಸಾಟಿಯಾಗಿ ಪ್ರೊಸೆಸರ್ ಬೇಕು, ಅದಕ್ಕೆ ಹೊಸ ಬೋರ್ಡು ಬೇಕು, ಬೋರ್ಡಿಗೆ ಹೊಸ ನಮೂನೆಯ ರ‍್ಯಾಮ್ ಬೇಕು. ಹಣ ಸಾಲದೆ ಹೋದಾಗ ಜನ ಉಳಿಸುವುದು ಸಾಮಾನ್ಯವಾಗಿ ಎಸ್‌ಎಂಪಿಎಸ್ಸಿನಲ್ಲಿ, ಅದು ಪರದೆಯ ಮೇಲೆ ಕಾಣದ ಭಾಗವಾದ್ದರಿಂದ. ಕಳಪೆ ಎಸ್‌ಎಂಪಿಎಸ್ ಸುಟ್ಟಾಗ ಒಮ್ಮೊಮ್ಮೆ ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರೆದೊಯ್ಯುತ್ತದೆ. ಇನ್ನು 'ಬಡ್ಡಿಯಿಲ್ಲದ ಕಂತು' ಎಂಬ ಆಕರ್ಷಣೆ ಇದ್ದೇ ಇದೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ಬರೆದು ತಿಳಿಸಿತ್ತು. ಬಡ್ಡಿ ಸಂಸ್ಕರಣಾ ಶುಲ್ಕದಲ್ಲೋ, ಬಿಟ್ಟುಕೊಡಬೇಕಾದ ರಿಯಾಯಿತಿಯಲ್ಲೋ ಅಡಗಿ ಕೂತಿರುತ್ತದೆ.

ಇಲ್ಲಿಯವರೆಗಿನ ಮಾತು ಲೆಕ್ಕದ್ದಾಯಿತು. ನಮ್ಮ ತಾಯಿ ಕೇಳಿದ್ದು ಬೇರೆಯೇ ಪ್ರಶ್ನೆ: "ಆಡೋದಕ್ಕೂ ದುಡ್ಡು ಸುರೀಬೇಕೇನಪ್ಪಾ?" ಇದನ್ನು ತಳ್ಳಿಹಾಕುವಂತಿಲ್ಲ. ಅದೇ ಹಣಕ್ಕೆ ಮನೆಯಲ್ಲಿ ಬೇರೆ ಹಕ್ಕುದಾರರಿದ್ದರು. ಮಗಳ ಶುಲ್ಕವಿತ್ತು, ತಾಯಿಯ ಕಣ್ಣಿನ ಚಿಕಿತ್ಸೆಯಿತ್ತು. ಆಟ ಒಂದು ಅಗತ್ಯವೇ? ಅಕ್ಕಿ ಬೇಳೆಯ ಸಾಲಿನಲ್ಲಿ ಅದನ್ನು ನಿಲ್ಲಿಸಲು ನನಗೂ ಮನಸ್ಸಿರಲಿಲ್ಲ.

ಆದರೆ ಸಂಜೆಯ ಹೊತ್ತು ಆ ಕೋಣೆಯಿಂದ ಬರುವ ಮಾತನ್ನು ಕೇಳಬೇಕು. ಹುಡುಗ ಶಾಲೆಯಲ್ಲಿ ಓದುವುದು ಇಂಗ್ಲಿಷ್, ಮೈದಾನದಲ್ಲಿ ಆಡುವ ಮಾತು ತೆಲುಗು. ಮನೆಯಲ್ಲಿ ಕನ್ನಡವಿದೆ, ಅದು ಊಟಕ್ಕೆ ಬಾ, ಪುಸ್ತಕ ತೆಗೆ ಎನ್ನುವ ಹಿರಿಯರ ಕನ್ನಡ. ಅವನು ತನ್ನ ವಯಸ್ಸಿನವರೊಡನೆ ಕನ್ನಡದಲ್ಲಿ ಜಗಳವಾಡುವುದು, ನಗುವುದು, ರೇಗಿಸುವುದು ದಿನಕ್ಕೆ ಒಂದೇ ಗಂಟೆ: ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಧುಗಿರಿಯಲ್ಲಿರುವ ಸೋದರತ್ತೆಯ ಮಕ್ಕಳೊಡನೆ ಮೈನ್‌ಕ್ರಾಫ್ಟ್ ಆಟದಲ್ಲಿ ಊರು ಕಟ್ಟುವಾಗ. "ಲೋ, ಆ ಕಲ್ಲು ಅಲ್ಲಿಡಬೇಡ ಕಣೋ, ಕೆರೆ ಏರಿ ಒಡೀತದೆ" ಎಂದು ಅವನು ಕೂಗಿದ್ದನ್ನು ಕೇಳಿ ನಮ್ಮ ತಾಯಿ, "ಇವನಿಗೆ ಕೆರೆ ಏರಿ ಅನ್ನೋ ಮಾತು ಯಾರು ಹೇಳಿಕೊಟ್ರು?" ಎಂದರು. ಹೇಳಿಕೊಟ್ಟವರು ನಾವಲ್ಲ. ಆ ಹೊತ್ತಿನಲ್ಲಿ ಯಂತ್ರ ತಡವರಿಸಿ ನಿಂತರೆ ನಿಲ್ಲುವುದು ಆಟವೊಂದೇ ಅಲ್ಲ.

ಹೀಗೆಂದು ಆಟಕ್ಕೆ ಪುಣ್ಯದ ಬಣ್ಣ ಬಳಿಯಬೇಕಾಗಿಲ್ಲ. ಅದೇ ಯಂತ್ರದಲ್ಲಿ ಹೊತ್ತು ಹಾಳುಮಾಡುವುದೂ ಉಂಟು, ಅದಕ್ಕೆ ಗಡಿಯಾರವನ್ನೂ ಇಟ್ಟಿದ್ದೇವೆ. ನಾನು ಹೇಳುವುದು ಇಷ್ಟೇ. ಒಂದು ವಸ್ತು ಅಗತ್ಯವೋ ಐಷಾರಾಮವೋ ಎಂಬುದನ್ನು ಅದರ ಹೆಸರು ನೋಡಿ ತೀರ್ಮಾನಿಸಲಾಗದು. ಅದರಿಂದ ಮನೆಯಲ್ಲಿ ನಡೆಯುವ ಕೆಲಸವನ್ನು ನೋಡಿ ತೀರ್ಮಾನಿಸಬೇಕು. ರ‍್ಯಾಮ್, ಎಸ್‌ಎಸ್‌ಡಿ ಆ ಕೆಲಸಕ್ಕೆ ಬೇಕಾಗಿದ್ದವು. ಕಾರ್ಡು ಬೇಕಾಗಿದ್ದುದು ಗೆಳೆಯನ ಮನೆಯ ಸರಿಸಮಕ್ಕೆ. ಈ ಭೇದ ಮಗನಿಗೂ ತಿಳಿಯಿತು, ಅವನೇ ಎದುರಿಗೆ ಕೂತು ಅಂಕಿಗಳನ್ನು ಕಂಡಿದ್ದರಿಂದ. ನಾನು ಬರಿದೇ ಬೇಡವೆಂದಿದ್ದರೆ ಅವನಿಗೆ ಕಾಣುತ್ತಿದ್ದುದು ಅಪ್ಪನ ಜಿಪುಣತನ ಮಾತ್ರ.

ಹಳೆಯದನ್ನು ಉಳಿಸಿಕೊಳ್ಳುವುದು ಯಾವಾಗಲೂ ಸದ್ಗುಣವೆಂದೂ ತಿಳಿಯಬಾರದು. ವಿಂಡೋಸ್ 10ಕ್ಕೆ ಸಾಮಾನ್ಯ ಭದ್ರತಾ ಪರಿಷ್ಕರಣೆಗಳು 2025ರ ಅಕ್ಟೋಬರ್ 14ಕ್ಕೆ ಮುಗಿದವು. ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಇನ್ನೊಂದು ವರ್ಷದ ಅವಕಾಶ ಕೊಡಲಾಯಿತು. ವಿಂಡೋಸ್ 11 ಹೆಚ್ಚಿನ ಹಳೆಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಇದೂ ತಯಾರಕನ ಅಪ್ಪಣೆಯೇ ಅಲ್ಲವೇ, ನಾವೇಕೆ ಕಿವಿಗೊಡಬೇಕು ಎನ್ನಬಹುದು. ಇಲ್ಲಿ ವ್ಯತ್ಯಾಸವಿದೆ. ಪರಿಷ್ಕರಣೆಯಿಲ್ಲದ ಕಂಪ್ಯೂಟರಿಗೆ ಕಳ್ಳರು ಹೊಕ್ಕರೆ ಹೋಗುವುದು ನಮ್ಮ ಖಾತೆಯ ಹಣವೊಂದೇ ಅಲ್ಲ. ಅದೇ ಯಂತ್ರವನ್ನು ಮೆಟ್ಟಿಲಾಗಿಸಿಕೊಂಡು ಅವರು ಇತರರ ಮೇಲೆ ದಾಳಿ ಮಾಡಬಲ್ಲರು. ಮುರಿದ ಬಾಗಿಲನ್ನು ದುರಸ್ತಿ ಮಾಡಿಸದವನಿಂದ ಓಣಿಗೇ ತೊಂದರೆ. ಅಲ್ಲಿ ಬದಲಾವಣೆ ನೆರೆಯವರಿಗೆ ಸಲ್ಲಿಸಬೇಕಾದ ಋಣ. ಅದಕ್ಕೆ ಹೊಸ ಯಂತ್ರವೇ ಆಗಬೇಕೆಂದೂ ಇಲ್ಲ. ಲಿನಕ್ಸ್ ಹಣವಿಲ್ಲದೆ ಸಿಗುತ್ತದೆ, ಹಳೆಯ ಯಂತ್ರದಲ್ಲಿ ನಡೆಯುತ್ತದೆ, ಕನ್ನಡವನ್ನೂ ಬಲ್ಲದು. ಎಲ್ಲ ಆಟಗಳೂ ಅದರಲ್ಲಿ ನಡೆಯವು ಎಂಬುದು ಮಕ್ಕಳ ತಕರಾರು. ಅದು ನಿಜವೂ ಹೌದು.

ತೆಗೆದುಹಾಕಿದ ಭಾಗದ ಕಡೆಗೂ ಒಂದು ಕರ್ತವ್ಯವಿದೆ. ದೆಹಲಿಯ ಸೀಲಂಪುರದಂಥ ಕಡೆ ಬಡವರು ಹಳೆಯ ಬೋರ್ಡು ತಂತಿಗಳನ್ನು ಸುಟ್ಟು, ಆಮ್ಲದಲ್ಲಿ ಅದ್ದಿ ಲೋಹ ತೆಗೆಯುತ್ತ ಬಂದಿದ್ದಾರೆ. ಸೀಸದ ವಿಷ ಮೊದಲು ಮುಟ್ಟುವುದು ಅವರ ಮಕ್ಕಳಿಗೆ. ತಯಾರಕರೇ ಹಳೆಯ ವಸ್ತುಗಳ ಮರುಬಳಕೆಗೆ ಹೊಣೆಯಾಗಬೇಕೆನ್ನುವ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ನಮ್ಮ ಕೈಲಾದದ್ದು, ಗುಜರಿಯವನ ಚೀಲಕ್ಕೆ ಎಸೆಯುವ ಮೊದಲು ಇನ್ನೊಬ್ಬರಿಗೆ ಉಪಯೋಗವಾದೀತೇ ಎಂದು ಕೇಳುವುದು. ನಮ್ಮ ಹಳೆಯ ಹಾರ್ಡ್ ಡಿಸ್ಕ್ ಅದೇ ಪೆಟ್ಟಿಗೆಯಲ್ಲಿ ಉಳಿದಿದೆ. ಆಟವನ್ನು ಹೊರುವ ಶಕ್ತಿ ಅದಕ್ಕಿಲ್ಲ, ಮನೆಯ ಫೋಟೋಗಳನ್ನೂ ಹಾಡುಗಳನ್ನೂ ಹೊರುತ್ತಿದೆ.

ಗಡಿಯಲ್ಲಿ ಬದುಕುವ ನಮಗೆ ಭಾಗ ಭಾಗವಾಗಿ ಬದಲಾಗುವುದು ಅಪರಿಚಿತವಲ್ಲ. ಹಿಂದೂಪುರದ ಬಳಿಯ ಲೇಪಾಕ್ಷಿಯ ದೇವಾಲಯಕ್ಕೆ ಹೋದರೆ ಹದಿನಾರನೆಯ ಶತಮಾನದ ಶಾಸನಗಳಲ್ಲಿ ಹೆಚ್ಚಿನವು ಕನ್ನಡದಲ್ಲಿವೆ, ಸುತ್ತ ಕೇಳಿಸುವ ಮಾತು ಹೆಚ್ಚಾಗಿ ತೆಲುಗು. ನಮ್ಮ ಮನೆಯ ಕನ್ನಡದಲ್ಲಿ ತೆಲುಗಿನ ಮಾತುಗಳು ಬಂದು ಕೂತಿವೆ, ನಿಮ್ಮದರಲ್ಲಿ ಮಲಯಾಳ ತುಳುಗಳ ಮಾತುಗಳು ಕೂತಿರುವಂತೆ. ಇದಕ್ಕೆ ಅಳಬೇಕಾಗಿಲ್ಲ, ಗಾಲಿ ಬದಲಾದ ಗಾಡಿಯೂ ಗಾಡಿಯೇ. ಅಂಜಬೇಕಾದದ್ದು, ಯಾವ ಭಾಗ ಸವೆದಿದೆಯೆಂದು ನೋಡುವ ಗೋಜಿಗೂ ಹೋಗದೆ ಇಡೀ ಗಾಡಿಯನ್ನು ಹಳತೆಂದು ಕರೆಯುವವರಿಗೆ. ಮಕ್ಕಳಿಗೆ ಈ ಭಾಷೆಯಿಂದೇನು ಉಪಯೋಗ ಎಂದು ನಮ್ಮವರೇ ಕೇಳುತ್ತಾರೆ. ಹಾಗೆ ಕೇಳುವ ಮೊದಲು ಆ ಭಾಷೆ ಮನೆಯಲ್ಲಿ ಯಾವ ಕೆಲಸ ಮಾಡುತ್ತಿದೆ, ಎಲ್ಲಿ ತಡವರಿಸುತ್ತಿದೆ ಎಂದು ಅರ್ಧ ಗಂಟೆ ಕೂತು ನೋಡಿದವರು ಎಷ್ಟು ಮಂದಿ? ನೋಡಿದರೆ ಬೇಕಾಗಿರುವುದು ದೊಡ್ಡದೇನೂ ಇರಲಿಕ್ಕಿಲ್ಲ. ಓದಲು ಎರಡು ಪುಸ್ತಕ, ಜಗಳವಾಡಲು ಒಬ್ಬ ಸಮವಯಸ್ಕ ನೆಂಟ, ಅವನ ಊರಿಗೆ ರಜೆಯಲ್ಲಿ ಒಂದು ಬಸ್ಸಿನ ಟಿಕೆಟು. ಇಷ್ಟನ್ನು ಒದಗಿಸುವುದು ಸಂಬಳದ ಮನೆಗೂ ಸಾಧ್ಯ.