ಉಸಿರಿನ ಗೆರೆ

ಅಜ್ಜನ ಕೈಬರಹದ 'ಪಂಚವಟಿ' ಪ್ರಸಂಗವನ್ನು ಕಂಪ್ಯೂಟರಿಗೆ ಏರಿಸಲು ಕೂತದ್ದು ಕಳೆದ ಆಟಿಯಲ್ಲಿ. ಮರ್ಕಂಜದ ಮಳೆಗೆ ತೋಟಕ್ಕೆ ಇಳಿಯುವ ಹಾಗಿರಲಿಲ್ಲ. ಕರೆಂಟು ಇದ್ದಷ್ಟು ಹೊತ್ತು ಟೈಪು, ಹೋದರೆ ಓದು. ಅಕ್ಷರ ಮಾಸಿದಲ್ಲಿ ನೋಡಿಕೊಳ್ಳಲು ಹೊದಿಕೆ ಹರಿದ ಒಂದು ಅಚ್ಚು ಪುಸ್ತಕ ಪಕ್ಕದಲ್ಲಿತ್ತು. ಅಜ್ಜ ಹವ್ಯಾಸಿ ಭಾಗವತರು. ಮಳೆಗಾಲದಲ್ಲಿ ತಾಳಮದ್ದಳೆಗೆ ಕರೆದಲ್ಲಿಗೆಲ್ಲ ಹೋಗುತ್ತಿದ್ದರು.

ಸಾಹಿತ್ಯ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಬೇರೆಯಾಗಿದ್ದದ್ದು ಗುರುತುಗಳು. ಶೂರ್ಪನಖಿಯ ಒಂದು ಪದದ ತಲೆಯ ಮೇಲೆ ಅಚ್ಚಿನಲ್ಲಿ ಅಷ್ಟತಾಳ ಎಂದಿದ್ದರೆ, ಅಜ್ಜ ಅಷ್ಟ ಎಂದು ಬರೆದು, ಹೊಡೆದು ಹಾಕಿ, ಏಕ ಎಂದು ಮಾಡಿದ್ದರು. ಸಾಲುಗಳ ನಡುವೆ ಸಣ್ಣ ಉದ್ದಗೆರೆಗಳು ಬೇರೆ. ಕೆಲವು ಶಾಯಿಯವು, ಕೆಲವು ಪೆನ್ಸಿಲಿನವು. ಒಂದೆರಡು ಕಡೆ ಶಬ್ದವನ್ನೇ ಅರ್ಧಕ್ಕೆ ಸೀಳಿದ್ದವು. ನಾನು ಎರಡು ಯೋಚನೆ ಮಾಡದೆ ತಾಳವನ್ನು ಅಚ್ಚಿನಂತೆ ತಿದ್ದಿದೆ, ಗೆರೆಗಳನ್ನು ಬಿಟ್ಟೆ. ಅಚ್ಚಾದದ್ದು ಸರಿ ಎಂಬ ನಂಬಿಕೆ ಶಾಲೆಯಿಂದಲೇ ಬಂದದ್ದಲ್ಲವೇ!

ಅದೇ ವಾರ ಬೆಂಗಳೂರಿನಿಂದ ತಂಗಿಯ ಮಗಳು ಬಂದಳು. ಪಿಯಾನೋ ಕಲಿಯುವವಳು. ನನ್ನ ಕೆಲಸ ನೋಡಿ, "ಮಾವ, ಇದು ನಮ್ಮಲ್ಲಿ ದೊಡ್ಡ ಜಗಳದ ವಿಷಯ" ಎಂದಳು. ಶೋಪಾನ ತನ್ನ 24 ಪ್ರೆಲ್ಯೂಡುಗಳನ್ನು ಪ್ರಕಟಿಸಿದ್ದು 1839ರಲ್ಲಿ. ಪ್ಯಾರಿಸಿನ ಮುದ್ರಣ ಅವನ ಸ್ವಂತ ಬರಹ ನೋಡಿ ಆದದ್ದು; ಲೈಪ್‌ಜಿಗ್‌ನದ್ದು ಗೆಳೆಯ ಫೊಂಟಾನಾ ಮಾಡಿಕೊಟ್ಟ ನಕಲು ನೋಡಿ. ಸ್ವರಗಳ ಮೇಲೆ ಎಳೆಯುವ ಕಮಾನು, ಅಂದರೆ ಇಲ್ಲಿಂದ ಇಲ್ಲಿಯವರೆಗೆ ಒಂದೇ ಉಸಿರಿನ ಮಾತು ಎಂಬ ಗುರುತು, ಇಂಥ ದಾರಿಯಲ್ಲಿ ಕೈಯಿಂದ ಕೈಗೆ ಸ್ವಲ್ಪ ಸ್ವಲ್ಪ ಜಾರುತ್ತದೆ. ಮುಂದೆ 1870ರ ದಶಕದಲ್ಲಿ ಕ್ಲಿಂಡ್‌ವರ್ತ್‌ನಂಥ ಸಂಪಾದಕರು ತಮಗೆ ಸರಿಕಂಡಂತೆ ಕಮಾನುಗಳನ್ನು ಎಳೆದರು. ತಪ್ಪು ಕಡೆ ನಿಲ್ಲಿಸಿ ನುಡಿಸುವವನು ಗೊತ್ತಿಲ್ಲದ ಭಾಷೆಯ ಭಾಷಣವನ್ನು ಬಾಯಿಪಾಠ ಒಪ್ಪಿಸುವವನ ಹಾಗೆ ಎಂದು ಶೋಪಾನ ಹೇಳುತ್ತಿದ್ದನಂತೆ. ಶಿಷ್ಯ ಮಿಕೂಲಿಯ ನೆನಪು ಅದು.

ಅವಳು ಮಲಗಿದ ಮೇಲೆ ನಾನು ಪುನಃ ಪುಸ್ತಕ ಬಿಡಿಸಿದೆ. ಮಾಡಿದ್ದು ನಕಲಿನ ಕೆಲಸವೋ, ಕ್ಲಿಂಡ್‌ವರ್ತ್‌ನ ಕೆಲಸವೋ? ಅವನಾದರೂ ಸಂಗೀತಗಾರ. ನನಗೆ ತಾಳ ಹಾಕಲೂ ಬಾರದು.

ಒಂದು ವ್ಯತ್ಯಾಸ ಮಾತ್ರ ಉಂಟು. ಶೋಪಾನನ ಕೈಬರಹ ಇಂದಿಗೂ ವಾರ್ಸಾದ ಗ್ರಂಥಾಲಯದಲ್ಲಿದೆ. ಜಗಳ ಬಂದಾಗ ಹೋಗಿ ನೋಡಲು ಒಂದು ಕೈ ಇದೆ. ನಮ್ಮ 'ಪಂಚವಟಿ' ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿದೆ. ಆದರೆ ಅದು ಅವನದ್ದು ಹೌದೇ ಎಂದೇ ಪುತ್ತೂರಿನಲ್ಲಿದ್ದ ಶಿವರಾಮ ಕಾರಂತರು ಪ್ರಶ್ನೆ ಎತ್ತಿದ್ದರು, ಕುಕ್ಕಿಲ ಕೃಷ್ಣ ಭಟ್ಟರು ಅವನ ಪರವಾಗಿ ವಾದಿಸಿದ್ದರು. ಕವಿ ಯಾರೆಂಬುದೇ ವಾದದಲ್ಲಿರುವಾಗ ಕವಿಯ ಗುರುತಿಗೆ ನಿಷ್ಠನಾಗಿರುವುದು ಹೇಗೆ? ಉಡುಪಿಯ ಪಾವಂಜೆ ಗುರುರಾಯರಂಥವರು ಪ್ರಸಂಗಗಳನ್ನು ಅಚ್ಚು ಹಾಕಿಸದಿದ್ದರೆ ಎಷ್ಟೋ ಪದಗಳು ನಮ್ಮವರೆಗೆ ಬರುತ್ತಿರಲಿಲ್ಲ, ಆ ಋಣ ದೊಡ್ಡದು. ಆದರೂ ಅಚ್ಚಿನ ತಾಳ ಕವಿಯದ್ದೆಂದು ಹೇಳಲು ನನ್ನ ಹತ್ತಿರ ಯಾವ ಆಧಾರವೂ ಇಲ್ಲ. ಬಹುಶಃ ಅದೂ ಯಾರೋ ಒಬ್ಬ ಭಾಗವತರದ್ದೇ, ಅಜ್ಜನದ್ದು ಇನ್ನೊಬ್ಬರದ್ದು.

ಹಾಗಾಗಿ ಎಲ್ಲ ಗೆರೆಗಳನ್ನೂ ಪುನಃ ಹಾಕತೊಡಗಿದೆ, ಒಂದು ರೀತಿಯ ಭಕ್ತಿಯಿಂದಲೇ. ಅಷ್ಟರಲ್ಲಿ ಅಮ್ಮ ಬಂದು ಇಣುಕಿ ನೋಡಿದರು. "ಶಾಯಿಯದ್ದು ಮೊದಲಿನದ್ದು. ಪೆನ್ಸಿಲಿಂದು ಮಾವನಿಗೆ ದಮ್ಮು ಹಿಡಿದ ಮೇಲಿನದ್ದು. ಒಂದು ಸಾಲು ಪೂರ್ತಿ ಹೇಳ್ಲಿಕ್ಕೆ ಆಗ್ತಿರ್ಲಿಲ್ಲ ಅವರಿಗೆ."

ಶಾಯಿಯ ಗೆರೆಗಳ ಲೆಕ್ಕ ಸುಲಭ. ಶಬ್ದ ಸೀಳಿದ್ದೂ ಅವೇ. ಮುಕ್ತಾಯ ಬಂದು ಬೀಳುವ ಜಾಗ ಅದು, ತಾಳ ಗೊತ್ತಿದ್ದವರಿಗೆ ವಿಚಿತ್ರ ಅನಿಸದು. ಆದರೆ ಪೆನ್ಸಿಲಿನವು? ಅವು ಹಾಡಿನ ಗುರುತೋ, ರೋಗದ ಗುರುತೋ? ಅಜ್ಜನ ಶ್ವಾಸಕೋಶದ ತೊಂದರೆಯನ್ನು ಪಾರ್ತಿಸುಬ್ಬನ ಪದದೊಳಗೆ ಸೇರಿಸುವ ಹಕ್ಕು ನನಗೆಲ್ಲಿಂದ ಬಂತು? ತೆಗೆದರೆ ಕೊನೆಯ ವರ್ಷಗಳಲ್ಲಿ ಅವರು ನಿಜವಾಗಿ ಹಾಡಿದ ಹಾಡೇ ಇಲ್ಲವಾಗುತ್ತದೆ. (ಶೋಪಾನನದ್ದೂ ಎದೆಯ ಕಾಯಿಲೆಯೇ. ಆದರೆ ಪಿಯಾನೋದ ಕಮಾನಿಗೆ ಬೆರಳು ಸಾಕು, ಎದೆ ಬೇಡ.)

ತೆಗೆಯುವುದೆಂದೇ ತೀರ್ಮಾನಿಸಿದ್ದೆ. ಆಗ ನೆನಪಾದದ್ದು ಅಜ್ಜನ ಕಡೆಗಾಲದಲ್ಲಿ ಅವರ ಹತ್ತಿರ ಪದ ಕಲಿತ ನೆರೆಮನೆಯ ಹುಡುಗ. ಈಗ ಅವನಿಗೇ ತಲೆ ಹಣ್ಣಾಗಿದೆ. ಗುಡ್ಡ ಹತ್ತಿದರೂ ಏದುಸಿರು ಬಾರದ ಆಳು, ಆ ಪದವನ್ನು ಹಾಡುವಾಗ ಪೆನ್ಸಿಲಿನ ಗೆರೆಯಿದ್ದಲ್ಲೇ ನಿಲ್ಲುತ್ತಾನೆ. ಶೂರ್ಪನಖಿ ಅಲ್ಲಿ ಏನೋ ಹೇಳಲು ಹೋಗಿ ತಡೆದುಕೊಂಡ ಹಾಗೆ ಕೇಳುತ್ತದೆ. ಊರವರು ಅದನ್ನೇ ಮೆಚ್ಚುವುದು. ಅರ್ಥ ಗೊತ್ತಿಲ್ಲದೆ ನಿಲ್ಲುವುದಲ್ಲ ಅದು. ಒಬ್ಬನ ಆಗದಿರುವಿಕೆ ಇನ್ನೊಬ್ಬನಲ್ಲಿ ಬೇಕೆಂದೇ ಮಾಡುವ ಕೆಲಸವಾಗಿದೆ. ಅದನ್ನು ತಪ್ಪೆಂದು ಅಳಿಸಲು ನನಗೆ ಧೈರ್ಯವಾಗಲಿಲ್ಲ.

ಕೊನೆಗೆ ಶಾಯಿಯದ್ದಕ್ಕೆ ಒಂದು ಗುರುತು, ಪೆನ್ಸಿಲಿನದ್ದಕ್ಕೆ ಇನ್ನೊಂದು, ಅಚ್ಚಿನ ತಾಳ ಕೆಳಗೆ ಸಣ್ಣ ಅಕ್ಷರದಲ್ಲಿ ಎಂದು ಮಾಡಿದೆ. ಪ್ರಾಮಾಣಿಕ ದಾರಿ ಎಂದು ಸಮಾಧಾನ. ಸ್ವಲ್ಪ ಜಾರಿಕೊಳ್ಳುವ ದಾರಿಯೂ ಹೌದು, ಕಾಗದದ ಮೇಲೆ ಎರಡು ನಿಲುಗಡೆ ಇರಬಹುದು, ಗಂಟಲಿಗೆ ಒಂದೇ.

ಮೊನ್ನೆ ಅವನಿಗೇ ಪ್ರತಿ ಕಳಿಸಿದೆ. ಸಂಜೆ ಫೋನು ಬಂತು. "ಅಣ್ಣ, ಏಕತಾಳ, ಅಷ್ಟತಾಳ ಎರಡೂ ಹಾಕಿದ್ದೀರಿ. ಶನಿವಾರ ಕೂಟ ಉಂಟು. ನಾನು ಯಾವುದನ್ನು ಹೇಳುವುದು?"

ತಕ್ಷಣ ಉತ್ತರ ಹೊಳೆಯಲಿಲ್ಲ. ನಾಳೆ ಮನೆಗೆ ಬಾ, ಎರಡನ್ನೂ ಒಮ್ಮೆ ಹಾಡಿ ನೋಡುವ, ಬರುವಾಗ ಮದ್ದಳೆಯವರನ್ನೂ ಕರಕೊಂಡು ಬಾ ಎಂದೆ.