ಪಿಳ್ಳೆಗಳು ಹಿತ್ತಲಿಗಿಳಿಯುವ ಹೊತ್ತು

ಹೋದ ವರ್ಷ ಆಷಾಢದಲ್ಲಿ ನಮ್ಮ ಒಳಕೋಣೆಯಲ್ಲಿ 20 ಗಿರಿರಾಜ ಕೋಳಿಪಿಳ್ಳೆಗಳಿದ್ದವು. ಮೂರು ವಾರ ತುಂಬಿತ್ತು. ರೆಕ್ಕೆಯಲ್ಲಿ ಗರಿ ಮೂಡಿತ್ತು. ನೀರು ಚೆಲ್ಲಿ, ಹಾಸಿದ ಭತ್ತದ ಹೊಟ್ಟನ್ನು ದಿನವೂ ಒದ್ದೆ ಮಾಡುತ್ತಿದ್ದವು. ಮನೆ ತುಂಬ ವಾಸನೆ. ಇನ್ನು ದೊಡ್ಡವಾದವು ಅಂದುಕೊಂಡು ಒಂದು ಸಂಜೆ ಎಲ್ಲವನ್ನೂ ಹಿತ್ತಲ ಗೂಡಿಗೆ ಸಾಗಿಸಿಬಿಟ್ಟೆ. ರಾತ್ರಿ ಸೋನೆ ಹಿಡಿಯಿತು. ಬೆಳಿಗ್ಗೆ ಬಾಗಿಲು ತೆಗೆದರೆ ಅಷ್ಟೂ ಮರಿಗಳು ಒಂದೇ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಅಡಿಯಲ್ಲಿ ಸಿಕ್ಕ ಏಳು ಉಸಿರುಗಟ್ಟಿ ಸತ್ತಿದ್ದವು. ಚಳಿಯಾದರೆ ಪಿಳ್ಳೆಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ಮೂಲೆ ಸಿಕ್ಕರೆ ಒಂದರ ಮೇಲೊಂದು ಹತ್ತುತ್ತವೆ. ಅವಕ್ಕೆ ಗೊತ್ತಿದ್ದದ್ದು ಕಾವು ಹುಡುಕುವುದೊಂದೇ. ತಪ್ಪು ನನ್ನದು.

ನಮ್ಮಜ್ಜಿಗೆ ಈ ಪಾಡಿರಲಿಲ್ಲ. ಹೇಂಟೆ 21 ದಿನ ಕಾವು ಕೂತು ಮರಿ ಮಾಡುತ್ತಿತ್ತು. ಎಷ್ಟು ಹೊತ್ತು ಮೇಯಿಸಬೇಕು, ಯಾವಾಗ ರೆಕ್ಕೆಯಡಿ ಕರೆದುಕೊಳ್ಳಬೇಕು, ಎಲ್ಲ ಅದೇ ನೋಡಿಕೊಳ್ಳುತ್ತಿತ್ತು. ಹದ್ದಿನ ನೆರಳು ಬಿದ್ದರೆ ಒಂದು ಕೂಗು ಹಾಕುತ್ತಿತ್ತು, ಮರಿಗಳೆಲ್ಲ ಬೇಲಿಯ ಬುಡ ಸೇರುತ್ತಿದ್ದವು. ಒಂದೂವರೆ, ಎರಡು ತಿಂಗಳಾಗುತ್ತಲೇ ಅದೇ ತಾಯಿ ಮರಿಗಳನ್ನು ಕುಕ್ಕಿ ಕುಕ್ಕಿ ದೂರ ಓಡಿಸುತ್ತಿತ್ತು. ಚಿಕ್ಕವನಾಗಿದ್ದಾಗ ಅದನ್ನು ನೋಡಿ ಅತ್ತಿದ್ದೇನೆ. ಮರಿಯ ಬೆನ್ನು ಪೂರ್ತಿ ಗರಿಯಿಂದ ಮುಚ್ಚಿದ ಮೇಲೇ ಹೇಂಟೆ ಹಾಗೆ ಮಾಡುತ್ತಿತ್ತು ಎಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ.

ಗಿರಿರಾಜ ನಮ್ಮ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ತಳಿ, ಹಿತ್ತಲಿಗೆಂದೇ ಮಾಡಿದ್ದು. ಆದರೆ ಯಂತ್ರದಲ್ಲಿ ಮೊಟ್ಟೆಯೊಡೆದು ರಟ್ಟಿನ ಪೆಟ್ಟಿಗೆಯಲ್ಲಿ ಬರುವ ಮರಿ ತಾಯಿಯನ್ನು ಕಂಡಿರುವುದಿಲ್ಲ. ಹೊಟ್ಟೆಯೊಳಗೆ ಉಳಿದ ಹಳದಿಯ ಬಲದಲ್ಲಿ ಎರಡು ದಿನ ಹಸಿವು ತಡೆದೀತು, ಚಳಿ ತಡೆಯದು. ಮೊದಲ ವಾರ ಸುಮಾರು 35 ಡಿಗ್ರಿ ಕಾವು ಬೇಕು, ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ಎಲ್‌ಇಡಿ ಬಲ್ಬಿನ ಬೆಳಕು ಇದಕ್ಕೆ ಸಾಲದು, ಕೈಗೆ ಬಿಸಿ ತಟ್ಟುವ ಹಳೆಯ ಬಲ್ಬೇ ಆಗಬೇಕು. ಕಾವು ಸರಿಯಾಗಿದೆಯೇ ಎಂದು ಮರಿಗಳೇ ತೋರಿಸುತ್ತವೆ: ಬಲ್ಬಿನಡಿ ಗುಂಪುಗೂಡಿದರೆ ಚಳಿ, ಅಂಚಿಗೆ ಸರಿದು ಬಾಯಿ ತೆರೆದರೆ ಸೆಖೆ, ಎಲ್ಲ ಕಡೆ ಹರಡಿಕೊಂಡು ಮಲಗಿದರೆ ನೆಮ್ಮದಿ.

ಈ ಸಲ ಮತ್ತೆ 20 ಮರಿ ತಂದೆ. ಕ್ಯಾಲೆಂಡರ್ ನೋಡಲಿಲ್ಲ, ಮರಿಗಳ ಬೆನ್ನು ನೋಡಿದೆ. ನುಣುಪು ತುಪ್ಪಳ ಉದುರಿ ಕತ್ತು, ಬೆನ್ನು ಗರಿಗಟ್ಟಲು ಆರು ವಾರ ಹಿಡಿಯಿತು. ನಾಲ್ಕನೇ ವಾರದಿಂದ ಹಗಲು ಬಲ್ಬು ಆರಿಸಿದೆ, ಆಮೇಲೆ ರಾತ್ರಿಯೂ ಆರಿಸಿದೆ. ಬಿಸಿಲಿದ್ದ ದಿನ ಬುಟ್ಟಿ ಬೋರಲು ಹಾಕಿ ಅರ್ಧ ಗಂಟೆ ಮಣ್ಣು ಕೆದಕಲು ಬಿಟ್ಟೆ. ಕೊಕ್ಕರೆ ರೋಗದ ಲಸಿಕೆಯ ಹನಿ ಮೊದಲ ವಾರದಲ್ಲೇ ಕಣ್ಣಿಗೆ ಬಿದ್ದಿತ್ತು. ಒದ್ದೆ ಹೊಟ್ಟಿನಿಂದ ರಕ್ತಭೇದಿ ಬರುತ್ತದೆಂದು ಗೂಡಿನ ನೆಲ ಒಣಗಿಸಿದೆ, ಗಾಳಿ ಬರುವ ಕಡೆ ಗೋಣಿಚೀಲ ಕಟ್ಟಿದೆ, ಮುಂಗುಸಿ ನುಸುಳದಂತೆ ಸಣ್ಣ ಕಣ್ಣಿನ ಜಾಲರಿ ಹೊಡೆದೆ. ನಾಲ್ಕು ಮೂಲೆಗೂ ರಟ್ಟು ಬಾಗಿಸಿಟ್ಟು ದುಂಡಗೆ ಮಾಡಿದೆ. ಆ ಮೂಲೆಗಳನ್ನು ಮುಚ್ಚುವಾಗ ಕೈ ನಡುಗಿತು.

ಗೂಡಿಗೆ ಸಾಗಿಸಿದ ಮೇಲೆ, ಅದೇ ತಮ್ಮ ಮನೆಯೆಂದು ಗುರುತಾಗಲಿ ಅಂತ ಐದು ದಿನ ಹೊರಗೆ ಬಿಡಲಿಲ್ಲ. ಆರನೇ ದಿನ, ಕತ್ತಲಾಗಲು ಒಂದು ಗಂಟೆಯಿರುವಾಗ ಬಾಗಿಲು ತೆಗೆದೆ. ಕೆದಕಿದವು, ಧೂಳಿನಲ್ಲಿ ಹೊರಳಿದವು. ಬೆಳಕು ಕುಂದುತ್ತಿದ್ದಂತೆ ಯಾರೂ ಕರೆಯದೆ ಒಂದೊಂದಾಗಿ ಒಳಗೆ ಹೋದವು. ಮೂರು ಸಲ ಎಣಿಸಿದೆ, 20 ಇದ್ದವು.

ಈ ಸೋನೆಯಲ್ಲಿ ಮರಿ ತಂದಿಟ್ಟುಕೊಂಡವರು ದಯವಿಟ್ಟು ಬೆನ್ನು ಗರಿಗಟ್ಟುವವರೆಗೆ ವಾಸನೆ ತಡೆದುಕೊಳ್ಳಿ. ಗೂಡಿಗೆ ಸಾಗಿಸಿದ ಮೊದಲ ರಾತ್ರಿ ಒಮ್ಮೆ ಎದ್ದು, ಟಾರ್ಚ್ ಹಿಡಿದು ಗೂಡಿನ ಮೂಲೆ ನೋಡಿ ಬನ್ನಿ.